ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ

ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ (21 ಆಗಸ್ಟ್ 1876 – 21 ಅಕ್ಟೋಬರ್ 1931) ಗ್ರೀಕ್ ಮೂಲದ ಆಸ್ಟ್ರಿಯನ್ ನರವಿಜ್ಞಾನಿ ಮತ್ತು ಮನೋವೈದ್ಯರು. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಕಾಣಿಸಿಕೊಂಡು ಮುಂದೆ ಹಲವು ಖಂಡಗಳಿಗೆ ಹರಡಿದ ಎನ್ಸೆಫಲೈಟಿಸ್ ಲೆಥಾರ್ಜಿಕ ಎಂಬ ಮಿದುಳಿನ ಉರಿಯೂತವನ್ನು ಅವರು 1917ರಲ್ಲಿ ಪ್ರತ್ಯೇಕ ರೋಗವೆಂದು ಗುರುತಿಸಿ ಹೆಸರಿಸಿದರು. ಆ ರೋಗವನ್ನು ಎಕೊನೊಮೊ ರೋಗ ಎಂದೂ ಕರೆಯಲಾಗುತ್ತದೆ. ಮಿದುಳಿನಲ್ಲಿ ನಿದ್ರೆ ಮತ್ತು ಎಚ್ಚರಗಳನ್ನು ನಿಯಂತ್ರಿಸುವ ಬೇರೆ ಬೇರೆ ಭಾಗಗಳಿವೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಇದೇ ರೋಗದ ಅಧ್ಯಯನದಿಂದ. ಗಿಯೋರ್ಗೊಸ್ ಕೊಸ್ಕಿನಾಸ್ ಅವರೊಡನೆ 1925ರಲ್ಲಿ ಪ್ರಕಟಿಸಿದ ಮಾನವ ಮಿದುಳಿನ ಹೊರಪದರದ ನಕ್ಷೆ ಅವರ ಇನ್ನೊಂದು ಮುಖ್ಯ ಕೊಡುಗೆ. ಜ್ವರ ಇಳಿದು ತಿಂಗಳುಗಳು, ವರ್ಷಗಳು ಕಳೆದ ಮೇಲೂ ಉಳಿಯುವ ನೆನಪು, ವರ್ತನೆ ಮತ್ತು ಮನಸ್ಸಿನ ತೊಂದರೆಗಳಿಗೆ ಮಿದುಳಿನಲ್ಲಿ ನಿರ್ದಿಷ್ಟ ನೆಲೆ ಇರಬಹುದು ಎಂಬ ವಿಚಾರಕ್ಕೆ ಅವರ ಕೆಲಸ ಗಟ್ಟಿ ಆಧಾರ ಒದಗಿಸಿತು.

ಜನನ ಮತ್ತು ಬಾಲ್ಯ

ಎಕೊನೊಮೊ ಅವರು ರೊಮೇನಿಯ ದೇಶದ ಬ್ರೈಲ ಎಂಬ ನದೀಬಂದರಿನಲ್ಲಿ ಶ್ರೀಮಂತ ಗ್ರೀಕ್ ಕುಟುಂಬದಲ್ಲಿ ಜನಿಸಿದರು. ಅವರು ಕೂಸಾಗಿದ್ದಾಗಲೇ ಕುಟುಂಬವು ಏಡ್ರಿಯಾಟಿಕ್ ಸಮುದ್ರ ತೀರದ ಟ್ರಿಯೆಸ್ಟ್ ನಗರಕ್ಕೆ ಬಂದು ನೆಲೆಸಿತು. ಇಂದು ಇಟಲಿಗೆ ಸೇರಿರುವ ಟ್ರಿಯೆಸ್ಟ್ ಆಗ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ಪ್ರಮುಖ ಬಂದರಾಗಿತ್ತು. ಮನೆಯಲ್ಲಿ ಗ್ರೀಕ್, ಬೀದಿಯಲ್ಲಿ ಇಟಾಲಿಯನ್, ಶಾಲೆ ಮತ್ತು ಆಡಳಿತದಲ್ಲಿ ಜರ್ಮನ್ ಬಳಕೆಯಲ್ಲಿದ್ದ ಆ ಪರಿಸರದಲ್ಲಿ ಬೆಳೆದ ಅವರಿಗೆ ಹಲವು ಭಾಷೆಗಳಲ್ಲಿ ಸಲೀಸಾದ ಹಿಡಿತ ದೊರೆಯಿತು. ಕುಟುಂಬಕ್ಕೆ ಮುಂದೆ ಬ್ಯಾರನ್ ಪದವಿ ಲಭಿಸಿತು. ಅವರ ಹೆಸರಿನಲ್ಲಿರುವ ಫಾನ್ ಎಂಬುದು ಆ ಗೌರವದ ಸೂಚಕ.

ಶಿಕ್ಷಣ

ತಂದೆಯ ಇಚ್ಛೆಯಂತೆ ಅವರು 1893ರಲ್ಲಿ ವಿಯೆನ್ನಾ ನಗರದಲ್ಲಿ ಯಂತ್ರಶಾಸ್ತ್ರದ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದರು. ಎರಡು ವರ್ಷಗಳ ನಂತರ ಅದನ್ನು ಬಿಟ್ಟು 1895ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಪ್ರವೇಶ ಪಡೆದು, 1901ರಲ್ಲಿ ವೈದ್ಯ ಪದವಿ ಗಳಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಅಂಗಾಂಶಗಳ ಸೂಕ್ಷ್ಮದರ್ಶಕ ಅಧ್ಯಯನ ಅವರ ಆಸಕ್ತಿಯ ಕ್ಷೇತ್ರವಾಗಿತ್ತು.

ಪದವಿಯ ಬಳಿಕ ಕೆಲವು ವರ್ಷಗಳ ಕಾಲ ಅವರು ಯುರೋಪಿನ ಪ್ರಮುಖ ವೈದ್ಯಕೀಯ ಕೇಂದ್ರಗಳಲ್ಲಿ ತರಬೇತಿ ಪಡೆದರು. ಪ್ಯಾರಿಸ್ಸಿನಲ್ಲಿ ಪಿಯರ್ ಮಾರಿ ಅವರ ಬಳಿ ನರರೋಗಗಳನ್ನು ಅಭ್ಯಾಸ ಮಾಡಿದರು. ಮ್ಯೂನಿಕ್ ನಗರದಲ್ಲಿ ಮಾನಸಿಕ ರೋಗಗಳ ವರ್ಗೀಕರಣಕ್ಕೆ ಹೆಸರಾದ ಎಮಿಲ್ ಕ್ರೆಪೆಲಿನ್ ಹಾಗೂ ಮಿದುಳಿನ ಅಂಗಾಂಶ ಪರೀಕ್ಷೆಯಲ್ಲಿ ನಿಷ್ಣಾತರಾದ ಅಲೋಯಿಸ್ ಅಲ್ಜೈಮರ್ ಅವರ ಬಳಿ ಕೆಲಸ ಮಾಡಿದರು. ರೋಗಿಯನ್ನು ಹಾಸಿಗೆಯ ಬಳಿ ಕುಳಿತು ಗಮನಿಸುವುದು ಮತ್ತು ಅದೇ ರೋಗಿಯ ಮಿದುಳನ್ನು ಮರಣಾನಂತರ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವುದು ಆ ಕಾಲದ ನರವಿಜ್ಞಾನದ ಮುಖ್ಯ ಪದ್ಧತಿಯಾಗಿತ್ತು. ಎಕೊನೊಮೊ ಅವರ ಮುಂದಿನ ಕೆಲಸವೆಲ್ಲ ಈ ಎರಡನ್ನೂ ಜೋಡಿಸಿದ ಫಲ.

ವಿಯೆನ್ನಾದಲ್ಲಿ ವೃತ್ತಿ ಮತ್ತು ವಿಮಾನಯಾನ

1906ರಲ್ಲಿ ಎಕೊನೊಮೊ ಅವರು ವಿಯೆನ್ನಾಕ್ಕೆ ಮರಳಿ ಯೂಲಿಯಸ್ ವಾಗ್ನರ್-ಯೌರೆಗ್ ಅವರ ಮನೋವೈದ್ಯ ಮತ್ತು ನರರೋಗ ಚಿಕಿತ್ಸಾಲಯವನ್ನು ಸೇರಿದರು. ವಾಗ್ನರ್-ಯೌರೆಗ್ ಅವರು ಮುಂದೆ 1927ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅಗಿಯುವ ಮತ್ತು ನುಂಗುವ ಕ್ರಿಯೆಗಳನ್ನು ನಡೆಸುವ ನರಮಾರ್ಗಗಳು ಎಕೊನೊಮೊ ಅವರ ಆರಂಭಿಕ ಸಂಶೋಧನೆಯ ವಿಷಯವಾಗಿದ್ದವು. ಮಿದುಳಿನ ಕಾಂಡಭಾಗದ ರಚನೆಯಲ್ಲಿ ಅವರಿಗಿದ್ದ ಪರಿಣತಿ ಮುಂದೆ ನಿದ್ರಾರೋಗಿಗಳ ಅಧ್ಯಯನದಲ್ಲಿ ನೆರವಿಗೆ ಬಂದಿತು.

ವೈದ್ಯವೃತ್ತಿಯ ಜೊತೆಯಲ್ಲಿ ವಿಮಾನಯಾನವೂ ಅವರ ಜೀವನದ ದೊಡ್ಡ ಆಸಕ್ತಿಯಾಗಿತ್ತು. ಬಲೂನು ಹಾರಾಟದಿಂದ ಆರಂಭಿಸಿದ ಅವರು ಆಸ್ಟ್ರಿಯದ ಮೊದಲ ತಲೆಮಾರಿನ ವಿಮಾನ ಚಾಲಕರಲ್ಲಿ ಒಬ್ಬರಾದರು. 1910ರಿಂದ ದೀರ್ಘಕಾಲ ಆಸ್ಟ್ರಿಯದ ಏರೋ ಕ್ಲಬ್ಬಿನ ಅಧ್ಯಕ್ಷರಾಗಿದ್ದರು.

ಮೊದಲ ಮಹಾಯುದ್ಧ

1914ರಲ್ಲಿ ಯುದ್ಧ ಆರಂಭವಾದಾಗ ಎಕೊನೊಮೊ ಅವರು ಸೇನೆ ಸೇರಿ ಟಿರೋಲ್ ಪ್ರದೇಶದಲ್ಲಿ ವಿಮಾನ ಚಾಲಕರಾಗಿ ಸೇವೆ ಸಲ್ಲಿಸಿದರು. ಕುಟುಂಬದ ಒತ್ತಾಯಕ್ಕೆ ಮಣಿದು 1916ರಲ್ಲಿ ವಿಯೆನ್ನಾಕ್ಕೆ ಹಿಂದಿರುಗಿ, ತಲೆಗೆ ಪೆಟ್ಟಾದ ಸೈನಿಕರ ಚಿಕಿತ್ಸೆಯಲ್ಲಿ ತೊಡಗಿದರು. ಅದೇ ವರ್ಷದ ಚಳಿಗಾಲದಲ್ಲಿ ಅವರ ಚಿಕಿತ್ಸಾಲಯಕ್ಕೆ ಬೇರೊಂದು ಬಗೆಯ ರೋಗಿಗಳು ಬರತೊಡಗಿದರು.

ಎನ್ಸೆಫಲೈಟಿಸ್ ಲೆಥಾರ್ಜಿಕ

1916–17ರ ಚಳಿಗಾಲದಲ್ಲಿ ದಾಖಲಾದ ಈ ರೋಗಿಗಳಿಗೆ ಮಿದುಳುಪೊರೆಯ ಉರಿಯೂತ, ಸನ್ನಿ, ನರಗಳ ಗಟ್ಟಿಯಾಗುವಿಕೆ ಮುಂತಾದ ನಾನಾ ರೋಗಗಳ ಹೆಸರು ಹಚ್ಚಲಾಗಿತ್ತು. ಆದರೆ ಯಾವ ಹೆಸರೂ ಸರಿಯಾಗಿ ಹೊಂದುತ್ತಿರಲಿಲ್ಲ. ಸಣ್ಣ ಜ್ವರ, ತಲೆನೋವು ಮತ್ತು ಮೈಕೈ ನೋವಿನಿಂದ ತೊಡಗಿ, ಕೆಲವೇ ದಿನಗಳಲ್ಲಿ ರೋಗಿಯು ಗಾಢವಾದ ನಿದ್ರೆಗೆ ಜಾರುತ್ತಿದ್ದನು. ಊಟ ಮಾಡುತ್ತಿರುವಾಗ, ಮಾತನಾಡುತ್ತಿರುವಾಗ ಸಹ ನಿದ್ರೆ ಆವರಿಸುತ್ತಿತ್ತು. ಎಬ್ಬಿಸಿದರೆ ಎಚ್ಚರಗೊಂಡು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು, ಮತ್ತೆ ನಿದ್ರಿಸುವುದು ಸಾಮಾನ್ಯವಾಗಿತ್ತು. ಕಣ್ಣುರೆಪ್ಪೆ ಜೋಲುವುದು, ಕಣ್ಣುಗುಡ್ಡೆಗಳ ಚಲನೆ ಕುಂದುವುದು, ಒಂದು ವಸ್ತು ಎರಡಾಗಿ ಕಾಣುವುದು ಇದರ ಜೊತೆಗಿನ ಲಕ್ಷಣಗಳಾಗಿದ್ದವು.

ಇವೆಲ್ಲ ಒಂದೇ ರೋಗದ ರೂಪಗಳೆಂದು ಎಕೊನೊಮೊ ಅವರು ಗ್ರಹಿಸಿದರು. 1890ರ ಸುಮಾರಿಗೆ ಉತ್ತರ ಇಟಲಿಯಲ್ಲಿ ನೋನ ಎಂಬ ಹೆಸರಿನ ನಿದ್ರೆಯ ಕಾಯಿಲೆ ಹರಡಿತ್ತೆಂದು ಅವರ ಮನೆಯ ಹಿರಿಯರು ಹೇಳುತ್ತಿದ್ದ ಸಂಗತಿ ಆಗ ಅವರ ನೆನಪಿಗೆ ಬಂದಿತು. 17 ಏಪ್ರಿಲ್ 1917ರಂದು ವಿಯೆನ್ನಾದ ಮನೋವೈದ್ಯ ಮತ್ತು ನರವಿಜ್ಞಾನ ಸಂಘದ ಸಭೆಯಲ್ಲಿ ತಮ್ಮ ಅವಲೋಕನಗಳನ್ನು ಮಂಡಿಸಿ, ಮೇ 10ರಂದು ಲೇಖನವಾಗಿ ಪ್ರಕಟಿಸಿದರು. ಅದೇ ವಸಂತದಲ್ಲಿ ಫ್ರಾನ್ಸಿನ ಜ್ಯಾ-ರೆನೆ ಕ್ರೂಶೆ ಮತ್ತು ಅವರ ಸಹೋದ್ಯೋಗಿಗಳು ಸೈನಿಕರಲ್ಲಿ ಕಂಡ ಮಿದುಳಿನ ಉರಿಯೂತದ ಪ್ರಕರಣಗಳನ್ನು ವರದಿ ಮಾಡಿದ್ದರು. ಈ ಕಾರಣದಿಂದ ರೋಗವನ್ನು ಮೊದಲು ಗುರುತಿಸಿದವರು ಯಾರು ಎಂಬ ವಿವಾದ ಕೆಲಕಾಲ ನಡೆಯಿತು. ಆದರೆ ರೋಗಲಕ್ಷಣ ಮತ್ತು ಮಿದುಳಿನ ಅಂಗಾಂಶದ ಬದಲಾವಣೆ ಎರಡನ್ನೂ ಜೋಡಿಸಿ ಸ್ಪಷ್ಟ ವಿವರಣೆ ನೀಡಿದ್ದರಿಂದ ಎಕೊನೊಮೊ ಅವರು ಕೊಟ್ಟ ಹೆಸರೇ ನೆಲೆನಿಂತಿತು.

ಮುಂದಿನ ಹತ್ತು ವರ್ಷಗಳಲ್ಲಿ ಈ ಪಿಡುಗು ಯುರೋಪ್, ಅಮೆರಿಕ ಮತ್ತಿತರ ಭಾಗಗಳಿಗೆ ಹರಡಿತು. 1920ರ ದಶಕದ ಮಧ್ಯಭಾಗದ ಬಳಿಕ ಹೊಸ ಪ್ರಕರಣಗಳು ಕಡಿಮೆಯಾಗುತ್ತ ಬಂದು, ಪಿಡುಗು ಬಂದಷ್ಟೇ ನಿಗೂಢವಾಗಿ ಮರೆಯಾಯಿತು.

ಎಕೊನೊಮೊ ಅವರು ರೋಗದ ಮೂರು ರೂಪಗಳನ್ನು ವಿವರಿಸಿದರು.

• ನಿದ್ರಾಪ್ರಧಾನ ರೂಪ: ಅತಿಯಾದ ನಿದ್ರೆ ಹಾಗೂ ಕಣ್ಣಿನ ಸ್ನಾಯುಗಳ ದೌರ್ಬಲ್ಯ.
• ಅತಿಚಲನೆಯ ರೂಪ: ತಡೆಯಲಾಗದ ಕೈಕಾಲುಗಳ ಚಲನೆ, ಚಡಪಡಿಕೆ, ಹಗಲಿರುಳು ನಿದ್ರೆ ಬಾರದಿರುವುದು.
• ಚಲನಹೀನ ರೂಪ: ಸ್ನಾಯುಗಳ ಬಿಗಿತ, ಮುಖದಲ್ಲಿ ಭಾವವಿಲ್ಲದಿರುವುದು, ಪಾರ್ಕಿನ್ಸನ್ ರೋಗವನ್ನು ಹೋಲುವ ನಿಧಾನಗತಿ.

ನಿದ್ರೆ ಮತ್ತು ಎಚ್ಚರದ ಕೇಂದ್ರಗಳು

ಒಂದೇ ರೋಗವು ಒಬ್ಬರಿಗೆ ಅತಿನಿದ್ರೆಯನ್ನೂ ಇನ್ನೊಬ್ಬರಿಗೆ ನಿದ್ರಾಹೀನತೆಯನ್ನೂ ತರುವುದು ಹೇಗೆ ಎಂಬ ಪ್ರಶ್ನೆ ಎಕೊನೊಮೊ ಅವರನ್ನು ಕಾಡಿತು. ಮೃತಪಟ್ಟ ರೋಗಿಗಳ ಮಿದುಳುಗಳನ್ನು ಪರಿಶೀಲಿಸಿದಾಗ ಇದಕ್ಕೆ ಉತ್ತರ ದೊರೆಯಿತು. ಅತಿಯಾಗಿ ನಿದ್ರಿಸಿದವರಲ್ಲಿ ನಡುಮಿದುಳಿನ ಮೇಲ್ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಹೈಪೊಥಲಾಮಸ್‌ನ ಹಿಂಭಾಗದಲ್ಲಿ ಉರಿಯೂತ ಕಂಡಿತು. ನಿದ್ರೆ ಕಳೆದುಕೊಂಡವರಲ್ಲಿ ಹಾನಿಯು ಹೈಪೊಥಲಾಮಸ್‌ನ ಮುಂಭಾಗದಲ್ಲಿತ್ತು. ಹಿಂಭಾಗವು ಎಚ್ಚರವನ್ನೂ ಮುಂಭಾಗವು ನಿದ್ರೆಯನ್ನೂ ಉಂಟುಮಾಡುತ್ತವೆ ಎಂದು ಅವರು ಇದರಿಂದ ತರ್ಕಿಸಿದರು. ಎಚ್ಚರದ ಭಾಗ ಕೆಟ್ಟರೆ ನಿದ್ರೆ ಹೆಚ್ಚುತ್ತದೆ, ನಿದ್ರೆಯ ಭಾಗ ಕೆಟ್ಟರೆ ಎಚ್ಚರವೇ ಉಳಿಯುತ್ತದೆ.

ಮಿದುಳು ದಣಿದಾಗ ತಾನಾಗಿ ಸುಮ್ಮನಾಗುವುದೇ ನಿದ್ರೆ ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, ನಿದ್ರೆಯು ಮಿದುಳಿನ ಒಂದು ಭಾಗವು ಕ್ರಿಯಾಶೀಲವಾಗಿ ನಡೆಸುವ ಕೆಲಸ ಎಂಬ ಈ ವಿಚಾರ ಹೊಸದಾಗಿತ್ತು. 1946ರಲ್ಲಿ ವಾಲ್ಲೆ ನೌಟ ಅವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಬೆಂಬಲಿಸಿದವು. 1990ರ ದಶಕದಲ್ಲಿ ಹೈಪೊಥಲಾಮಸ್‌ನ ಮುಂಭಾಗದಲ್ಲಿ ನಿದ್ರೆಯನ್ನು ತರುವ ನರಕೋಶಗಳ ಗುಂಪು ಪತ್ತೆಯಾದ ಮೇಲೆ ಎಕೊನೊಮೊ ಅವರ ತರ್ಕಕ್ಕೆ ಕೋಶಮಟ್ಟದ ಪುರಾವೆ ದೊರೆತಂತಾಯಿತು.

ರೋಗದ ನಂತರದ ಪರಿಣಾಮಗಳು

ಎನ್ಸೆಫಲೈಟಿಸ್ ಲೆಥಾರ್ಜಿಕ ತಗುಲಿದವರಲ್ಲಿ ಬಹಳ ಮಂದಿ ಮರಣ ಹೊಂದಿದರು. ಆದರೆ ರೋಗದ ನಿಜವಾದ ಭಾರ ಕಾಣಿಸಿಕೊಂಡದ್ದು ಬದುಕುಳಿದವರಲ್ಲಿ. ಪೂರ್ಣವಾಗಿ ಗುಣಮುಖರಾದಂತೆ ತೋರಿ ಕೆಲಸಕ್ಕೆ ಮರಳಿದವರಲ್ಲಿ ಹಲವರಿಗೆ ತಿಂಗಳುಗಳು ಅಥವಾ ವರ್ಷಗಳ ನಂತರ ಪಾರ್ಕಿನ್ಸನ್ ಲಕ್ಷಣಗಳು ಆರಂಭವಾದವು. ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ಬರುವ ನಡುಕ, ಬಿಗಿತ ಮತ್ತು ನಿಧಾನಗತಿ ಇಲ್ಲಿ ಯುವಕರಲ್ಲಿಯೂ ಕಾಣಿಸಿಕೊಂಡವು. ಕಣ್ಣುಗುಡ್ಡೆಗಳು ತಾವಾಗಿ ಮೇಲಕ್ಕೆ ತಿರುಗಿ ನಿಮಿಷಗಟ್ಟಲೆ ಅಥವಾ ಗಂಟೆಗಟ್ಟಲೆ ಅಲ್ಲಿಯೇ ನಿಲ್ಲುವ ವಿಚಿತ್ರ ಲಕ್ಷಣವೂ ಇವರಲ್ಲಿ ಕಂಡುಬಂದಿತು. ಕಾನ್‌ಸ್ಟಾಂಟಿನ್ ಟ್ರೆಟಿಯಾಕೋಫ್ ಅವರು 1919ರ ತಮ್ಮ ಪ್ರಬಂಧದಲ್ಲಿ ಪಾರ್ಕಿನ್ಸನ್ ರೋಗಿಗಳ ಜೊತೆಗೆ ಈ ರೋಗಿಗಳ ಮಿದುಳನ್ನೂ ಪರಿಶೀಲಿಸಿ, ನಡುಮಿದುಳಿನ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಬಣ್ಣದ ಭಾಗದಲ್ಲಿ ಕೋಶಗಳು ನಾಶವಾಗಿರುವುದನ್ನು ತೋರಿಸಿದರು.

ಮಕ್ಕಳಲ್ಲಿ ಪರಿಣಾಮ ಬೇರೆ ರೀತಿಯದಾಗಿತ್ತು. ರೋಗಕ್ಕೆ ಮುನ್ನ ಶಾಂತರಾಗಿದ್ದ ಮಕ್ಕಳು ಗುಣವಾದ ಮೇಲೆ ಒಂದೆಡೆ ನಿಲ್ಲದವರೂ ಮುಂಗೋಪಿಗಳೂ ಆದರು. ಕೆಲವರು ಸುಳ್ಳು, ಕಳವು ಮತ್ತು ಹೊಡೆದಾಟಕ್ಕೆ ಇಳಿದರು. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ನಿದ್ರಿಸುವುದು, ಗಮನ ನಿಲ್ಲದಿರುವುದು ಸಾಮಾನ್ಯವಾಗಿತ್ತು. ಅನೇಕ ಸಂದರ್ಭಗಳಲ್ಲಿ ಬುದ್ಧಿಶಕ್ತಿ ಅಷ್ಟಾಗಿ ಕುಂದದೆ, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಮಾತ್ರ ಕುಂದಿರುತ್ತಿತ್ತು. ತಾವು ಮಾಡಿದ್ದು ತಪ್ಪೆಂದು ತಿಳಿದು ಪಶ್ಚಾತ್ತಾಪ ಪಡುವ ಮಕ್ಕಳು ಮತ್ತೆ ಅದನ್ನೇ ಮಾಡುತ್ತಿದ್ದರು. ಇಂತಹ ಮಕ್ಕಳು ಶಾಲೆಗಳಿಂದ ಹೊರಹಾಕಲ್ಪಟ್ಟರು, ಶಿಕ್ಷೆಗೆ ಗುರಿಯಾದರು, ಕೆಲವರು ಸುಧಾರಣಾಲಯ ಮತ್ತು ಮಾನಸಿಕ ಆಸ್ಪತ್ರೆಗಳಲ್ಲಿ ಬೆಳೆದರು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅವರಿಗಾಗಿ ಪ್ರತ್ಯೇಕ ವಿಭಾಗಗಳನ್ನು ತೆರೆಯಲಾಯಿತು. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಇಂದಿನ ಪರಿಕಲ್ಪನೆಯ ಇತಿಹಾಸವನ್ನು ಬರೆಯುವವರು ಈ ಮಕ್ಕಳ ವರದಿಗಳನ್ನು ಅದರ ಆರಂಭಿಕ ಮೂಲಗಳಲ್ಲಿ ಒಂದಾಗಿ ಪರಿಗಣಿಸುತ್ತಾರೆ.

ಆ ಕಾಲದಲ್ಲಿ ಮನಸ್ಸಿನ ತೊಂದರೆಗಳನ್ನು ದೇಹದ ರೋಗದಿಂದ ಹುಟ್ಟುವವು ಮತ್ತು ಕೇವಲ ಮನಸ್ಸಿನಿಂದ ಹುಟ್ಟುವವು ಎಂದು ಎರಡಾಗಿ ವಿಂಗಡಿಸುವ ರೂಢಿಯಿತ್ತು. ರೋಗಿಯ ಹಟ, ಸೋಮಾರಿತನ ಅಥವಾ ನಟನೆ ಎಂದು ಭಾವಿಸಲಾಗುತ್ತಿದ್ದ ನಡವಳಿಕೆಯೂ ಮಿದುಳಿನ ಆಳದ ಒಂದು ಸಣ್ಣ ಗಾಯದಿಂದ ಉಂಟಾಗಬಲ್ಲದು ಎಂಬುದನ್ನು ಈ ರೋಗಿಗಳು ತೋರಿಸಿದರು. 1929ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಎಕೊನೊಮೊ ಅವರು ರೋಗದ ಜೊತೆಗೆ ಅದರ ನಂತರದ ಪರಿಣಾಮಗಳಿಗೂ ಪ್ರಾಮುಖ್ಯ ನೀಡಿ, ಮನೋವೈದ್ಯಶಾಸ್ತ್ರವು ಈ ಅನುಭವವನ್ನು ಕಡೆಗಣಿಸಲಾಗದು ಎಂಬ ನಿಲುವನ್ನು ತಳೆದರು.

ಮಿದುಳಿನ ಹೊರಪದರದ ನಕ್ಷೆ

ಎಕೊನೊಮೊ ಅವರು ಯುದ್ಧಕ್ಕೆ ಮೊದಲೇ ಕಾರ್ಟೆಕ್ಸ್ ಎಂದು ಕರೆಯಲಾಗುವ ಮಿದುಳಿನ ಹೊರಪದರದ ಕೋಶರಚನೆಯ ಅಧ್ಯಯನವನ್ನು ಆರಂಭಿಸಿದ್ದರು. ಈ ಕೆಲಸದಲ್ಲಿ ಗ್ರೀಸ್ ದೇಶದ ವೈದ್ಯ ಗಿಯೋರ್ಗೊಸ್ ಕೊಸ್ಕಿನಾಸ್ ಅವರ ಸಹಭಾಗಿಗಳಾದರು. ಇಬ್ಬರೂ ಸೇರಿ 1925ರಲ್ಲಿ ವಯಸ್ಕ ಮಾನವನ ಹೊರಪದರದ ಕೋಶರಚನೆಯನ್ನು ಕುರಿತ ಬೃಹತ್ ಗ್ರಂಥವನ್ನೂ 112 ಫಲಕಗಳ ಚಿತ್ರಸಂಪುಟವನ್ನೂ ಪ್ರಕಟಿಸಿದರು.

ಕೊರ್ಬಿನಿಯನ್ ಬ್ರಾಡ್‌ಮನ್ ಅವರು 1909ರಲ್ಲಿಯೇ ಹೊರಪದರವನ್ನು ಸಂಖ್ಯೆಗಳಿಂದ ಗುರುತಿಸಿದ ಪ್ರದೇಶಗಳಾಗಿ ವಿಂಗಡಿಸಿದ್ದರು. ಎಕೊನೊಮೊ ಮತ್ತು ಕೊಸ್ಕಿನಾಸ್ ಅವರು ಹೆಚ್ಚು ಸೂಕ್ಷ್ಮವಾಗಿ 107 ಪ್ರದೇಶಗಳನ್ನು ಗುರುತಿಸಿ, ಮಿದುಳಿನ ಹಾಲೆಗಳನ್ನು ಆಧರಿಸಿದ ಅಕ್ಷರ ಸಂಕೇತಗಳನ್ನು ನೀಡಿದರು. ಪ್ರತಿ ಪ್ರದೇಶದಲ್ಲಿಯೂ ಪದರಗಳ ದಪ್ಪ, ಕೋಶಗಳ ಗಾತ್ರ ಮತ್ತು ದಟ್ಟಣೆಯನ್ನು ಅಳೆದು ದಾಖಲಿಸಿದ್ದು ಈ ಕೃತಿಯ ವಿಶೇಷ. ಬ್ರಾಡ್‌ಮನ್ ಅವರ ಸಂಖ್ಯೆಗಳು ಬಳಸಲು ಸುಲಭವಾಗಿದ್ದರಿಂದ ಹೆಚ್ಚು ಪ್ರಚಾರ ಪಡೆದವು. ಕೊಸ್ಕಿನಾಸ್ ಅವರು ಗ್ರೀಸ್‌ಗೆ ಮರಳಿ ವೈದ್ಯವೃತ್ತಿ ಮುಂದುವರಿಸಿದರು. ಗ್ರಂಥದಲ್ಲಿ ಅವರ ಪಾಲಿಗೆ ತಕ್ಕ ಮನ್ನಣೆ ಬಹುಕಾಲ ದೊರೆಯಲಿಲ್ಲ.

ಇದೇ ಅಧ್ಯಯನದ ಅವಧಿಯಲ್ಲಿ ಎಕೊನೊಮೊ ಅವರು ಹೊರಪದರದ ಎರಡು ಭಾಗಗಳಲ್ಲಿ ಕದಿರಿನಂತೆ ನೀಳವಾಗಿರುವ ದೊಡ್ಡ ನರಕೋಶಗಳನ್ನು ವಿವರವಾಗಿ ವರ್ಣಿಸಿದರು. ಇವುಗಳನ್ನು ಇಂದು ಫಾನ್ ಎಕೊನೊಮೊ ನರಕೋಶಗಳು ಎಂದು ಕರೆಯಲಾಗುತ್ತದೆ. 1999ರಲ್ಲಿ ಇವು ಚಿಂಪಾಂಜಿ, ಗೊರಿಲ್ಲ ಮುಂತಾದ ದೊಡ್ಡ ವಾನರಗಳಲ್ಲಿಯೂ ಇರುವುದು ವರದಿಯಾಯಿತು. ವ್ಯಕ್ತಿಯ ಸಾಮಾಜಿಕ ನಡವಳಿಕೆಯನ್ನು ಕೆಡಿಸುವ ಒಂದು ಬಗೆಯ ಮರೆವು ರೋಗದಲ್ಲಿ ಈ ಕೋಶಗಳು ಬೇಗನೆ ನಾಶವಾಗುತ್ತವೆ ಎಂದು 2006ರಲ್ಲಿ ತಿಳಿದುಬಂದ ನಂತರ ಇವುಗಳ ಮೇಲಿನ ಆಸಕ್ತಿ ಹೆಚ್ಚಿತು.

ವೈಯಕ್ತಿಕ ಜೀವನ ಮತ್ತು ನಿಧನ

1919ರಲ್ಲಿ ಎಕೊನೊಮೊ ಅವರು ರಾಜಮನೆತನದ ಕರೊಲಿನೆ ಫಾನ್ ಶ್ಯೋನ್‌ಬುರ್ಗ್-ಹಾರ್ಟೆನ್‌ಸ್ಟೈನ್ ಅವರನ್ನು ವಿವಾಹವಾದರು. 1921ರಲ್ಲಿ ಅವರಿಗೆ ಪ್ರಾಧ್ಯಾಪಕ ಪದವಿ ದೊರೆಯಿತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಒಂದಕ್ಕಿಂತ ಹೆಚ್ಚು ಬಾರಿ ಸೂಚಿತವಾಗಿತ್ತು. 1931ರಲ್ಲಿ ವಿಯೆನ್ನಾದಲ್ಲಿ ಮಿದುಳು ಸಂಶೋಧನೆಗಾಗಿ ಅವರ ನೇತೃತ್ವದಲ್ಲಿ ಪ್ರತ್ಯೇಕ ವಿಭಾಗವೊಂದು ಆರಂಭವಾಯಿತು. ಆದರೆ ಕೆಲವೇ ತಿಂಗಳಲ್ಲಿ, 21 ಅಕ್ಟೋಬರ್ 1931ರಂದು ಅವರು ಹೃದ್ರೋಗದಿಂದ ವಿಯೆನ್ನಾದಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ ವಯಸ್ಸಾಗಿತ್ತು. ಪತ್ನಿ ಕರೊಲಿನೆ ಮತ್ತು ಗುರು ವಾಗ್ನರ್-ಯೌರೆಗ್ ಅವರು ಸೇರಿ ಎಕೊನೊಮೊ ಅವರ ಜೀವನಚರಿತ್ರೆಯನ್ನು ಬರೆದರು.

ರೋಗಕಾರಣದ ಪ್ರಶ್ನೆ

ಎನ್ಸೆಫಲೈಟಿಸ್ ಲೆಥಾರ್ಜಿಕ ರೋಗಕ್ಕೆ ಕಾರಣವೇನು ಎಂಬುದು ಇಂದಿಗೂ ನಿರ್ಧಾರವಾಗಿಲ್ಲ. ಎಕೊನೊಮೊ ಅವರು ಇದನ್ನು ಸೋಂಕು ರೋಗವೆಂದು ಭಾವಿಸಿ, ರೋಗಾಣುವನ್ನು ಗುರುತಿಸಲು ಸಹೋದ್ಯೋಗಿಯೊಡನೆ ಮಂಗಗಳ ಮೇಲೆ ಪ್ರಯೋಗ ನಡೆಸಿದರು. ಅವುಗಳಿಂದ ಖಚಿತ ಉತ್ತರ ದೊರೆಯಲಿಲ್ಲ. 1918ರ ಇನ್‌ಫ್ಲುಯೆಂಜ ಮಹಾಮಾರಿಯೂ ಅದೇ ಕಾಲದ್ದಾದ್ದರಿಂದ ಅದರ ವೈರಸ್ಸೇ ಕಾರಣವೆಂದು ಅನೇಕರು ನಂಬಿದ್ದರು. ಎಕೊನೊಮೊ ಅವರು ಇದನ್ನು ಒಪ್ಪಲಿಲ್ಲ. ಮಹಾಮಾರಿಗೆ ಮೊದಲೇ ತಮ್ಮ ರೋಗಿಗಳು ದಾಖಲಾಗಿದ್ದರು ಎಂಬುದು ಅವರ ನಿಲುವಿಗೆ ಪೋಷಕವಾಗಿತ್ತು. ಸಂರಕ್ಷಿಸಿಟ್ಟಿದ್ದ ಹಳೆಯ ಮಿದುಳಿನ ಅಂಗಾಂಶಗಳನ್ನು 2000ದ ನಂತರ ಆಧುನಿಕ ವಿಧಾನಗಳಿಂದ ಪರೀಕ್ಷಿಸಿದಾಗಲೂ ಇನ್‌ಫ್ಲುಯೆಂಜ ವೈರಸ್ಸಿನ ಕುರುಹು ದೊರೆಯಲಿಲ್ಲ.

2004ರಲ್ಲಿ ಬ್ರಿಟನ್ನಿನ ಸಂಶೋಧಕರು ಇದೇ ಬಗೆಯ ಲಕ್ಷಣಗಳಿದ್ದ 20 ಹೊಸ ರೋಗಿಗಳನ್ನು ವರದಿ ಮಾಡಿ, ಅವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಮಿದುಳಿನ ಆಳದ ಭಾಗಗಳ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳಿವೆ ಎಂದು ತಿಳಿಸಿದರು. ಸೋಂಕಿನಿಂದ ಕೆರಳಿದ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಮಿದುಳಿನ ಮೇಲೆ ತಿರುಗಿಬೀಳುವುದು ರೋಗಕ್ಕೆ ಕಾರಣವಾಗಿರಬಹುದು ಎಂಬ ವಾದಕ್ಕೆ ಇದು ಬಲ ನೀಡಿತು. ಎಂಟರೊವೈರಸ್ ಗುಂಪಿನ ವೈರಸ್ಸುಗಳ ಪಾತ್ರವನ್ನು ಸೂಚಿಸುವ ಅಧ್ಯಯನಗಳೂ ಇವೆ.

ಮಿದುಳು ಚಿತ್ರಣದ ಯುಗದಲ್ಲಿ

ಎಕೊನೊಮೊ ಅವರ ಕಾಲದಲ್ಲಿ ಎಕ್ಸ್-ರೇ ತಲೆಬುರುಡೆಯ ಮೂಳೆಯನ್ನು ತೋರಿಸುತ್ತಿತ್ತೇ ಹೊರತು ಒಳಗಿನ ಮೆದು ಅಂಗಾಂಶವನ್ನಲ್ಲ. ಹೀಗಾಗಿ ಮಿದುಳಿನ ಯಾವ ಭಾಗ ಹಾನಿಗೊಂಡಿದೆ ಎಂಬುದು ಖಚಿತವಾಗಿ ತಿಳಿಯುತ್ತಿದ್ದುದು ರೋಗಿಯ ಮರಣದ ಬಳಿಕವೇ. 1971ರಲ್ಲಿ ಮೊದಲ ರೋಗಿಯ ಮೇಲೆ ಬಳಕೆಯಾದ ಸಿಟಿ ಸ್ಕ್ಯಾನ್ ಮತ್ತು ಅದರ ನಂತರ ಬಂದ ಎಂಆರ್‌ಐ ಈ ಸ್ಥಿತಿಯನ್ನು ಬದಲಿಸಿದವು. ಸಕ್ಕರೆಯ ಬಳಕೆಯನ್ನು ಅಳೆಯುವ ಪೆಟ್ ಸ್ಕ್ಯಾನ್‌ನಿಂದ ಮಿದುಳಿನ ರಚನೆಯ ಜೊತೆಗೆ ಚಟುವಟಿಕೆಯನ್ನೂ ನೋಡಲು ಸಾಧ್ಯವಾಯಿತು.

ಎಕೊನೊಮೊ ಮತ್ತು ಕೊಸ್ಕಿನಾಸ್ ಅವರ ನಕ್ಷೆಯು ಈ ಕಾಲದಲ್ಲಿ ಮತ್ತೆ ಬಳಕೆಗೆ ಬಂದಿದೆ. ಎಂಆರ್‌ಐ ಚಿತ್ರಗಳಿಂದ ಹೊರಪದರದ ದಪ್ಪವನ್ನು ಅಳೆಯುವ ವಿಧಾನಗಳು ರೂಪುಗೊಂಡಾಗ, ಅವು ಸರಿಯೇ ಎಂದು ಪರೀಕ್ಷಿಸಲು ಅವರ ಅಳತೆಗಳನ್ನು ಹೋಲಿಕೆಗೆ ಬಳಸಲಾಯಿತು. 2018ರಲ್ಲಿ ನೆದರ್‌ಲೆಂಡ್ಸ್ ದೇಶದ ಸಂಶೋಧಕರು ಈ ನಕ್ಷೆಯನ್ನು ಎಂಆರ್‌ಐ ಚಿತ್ರಗಳಿಗೆ ಹೊಂದುವ ಗಣಕ ರೂಪಕ್ಕೆ ತಂದರು.

ಕೋವಿಡ್-19 ಸೋಂಕಿನ ನಂತರ ಉಳಿಯುವ ಮರೆವು, ಗಮನದ ಕೊರತೆ, ದಣಿವು ಮತ್ತು ಖಿನ್ನತೆಗಳು ಎಕೊನೊಮೊ ಅವರು ಎದುರಿಸಿದ ಪ್ರಶ್ನೆಯನ್ನು ಮತ್ತೆ ಮುಂದೆ ತಂದವು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆಯಡಿ 2022ರಲ್ಲಿ ಪ್ರಕಟವಾದ ಅಧ್ಯಯನವು 785 ಜನರ ಮಿದುಳಿನ ಎರಡೆರಡು ಸ್ಕ್ಯಾನ್‌ಗಳನ್ನು ಹೋಲಿಸಿತು. ಇವರಲ್ಲಿ 401 ಜನರಿಗೆ ಎರಡು ಸ್ಕ್ಯಾನ್‌ಗಳ ನಡುವೆ ಸೋಂಕು ತಗುಲಿತ್ತು. ಹೆಚ್ಚಿನವರದು ಆಸ್ಪತ್ರೆಗೆ ಸೇರುವಷ್ಟು ತೀವ್ರವಲ್ಲದ ಸೋಂಕು. ವಾಸನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಲ್ಲಿ ಸೋಂಕಿತರ ಬೂದುದ್ರವ್ಯವು ಉಳಿದವರಿಗಿಂತ ಸ್ವಲ್ಪ ಹೆಚ್ಚು ಕುಗ್ಗಿತ್ತು. ಈ ವ್ಯತ್ಯಾಸ ಶೇಕಡಾ 0.2ರಿಂದ 2ರಷ್ಟು ಮಾತ್ರ. ಸೋಂಕಿಗೆ ಮೊದಲಿನ ಸ್ಕ್ಯಾನ್ ಕೂಡ ಲಭ್ಯವಿದ್ದುದರಿಂದ ಈ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ.

ಆದರೂ ಇಂತಹ ಫಲಿತಾಂಶಗಳನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಗುಂಪಿನ ಸರಾಸರಿಯಲ್ಲಿ ಕಾಣುವ ಸಣ್ಣ ಬದಲಾವಣೆಯಿಂದ ಒಬ್ಬ ವ್ಯಕ್ತಿಯ ರೋಗವನ್ನು ನಿರ್ಧರಿಸಲಾಗದು. ಸ್ಕ್ಯಾನ್ ಸಹಜವಾಗಿದ್ದ ಮಾತ್ರಕ್ಕೆ ತೊಂದರೆ ಇಲ್ಲವೆಂದೂ ಹೇಳಲಾಗದು. 2004ರಲ್ಲಿ ವರದಿಯಾದ 20 ರೋಗಿಗಳಲ್ಲಿ ಸುಮಾರು ಶೇಕಡಾ 40ರಷ್ಟು ಜನರ ಎಂಆರ್‌ಐಯಲ್ಲಿ ಮಾತ್ರ ಮಿದುಳಿನ ಆಳದ ಭಾಗಗಳಲ್ಲಿ ಉರಿಯೂತದ ಬದಲಾವಣೆ ಕಂಡಿತ್ತು. ಉಳಿದವರ ಲಕ್ಷಣಗಳು ಅಷ್ಟೇ ನಿಜವಾಗಿದ್ದರೂ ಚಿತ್ರದಲ್ಲಿ ಏನೂ ಕಂಡಿರಲಿಲ್ಲ.

ಕರ್ನಾಟಕದ ಸಂದರ್ಭದಲ್ಲಿ

ಎನ್ಸೆಫಲೈಟಿಸ್ ಲೆಥಾರ್ಜಿಕ ಮರೆಯಾಗಿದ್ದರೂ, ಮಿದುಳಿನ ಅದೇ ಆಳದ ಭಾಗಗಳನ್ನು ಬಾಧಿಸುವ ವೈರಸ್ ರೋಗಗಳು ಕರ್ನಾಟಕದಲ್ಲಿವೆ. ಇವುಗಳಲ್ಲಿ ಮುಖ್ಯವಾದುದು ಮೆದುಳು ಜ್ವರ ಎಂದು ಕರೆಯಲಾಗುವ ಜಪಾನೀಸ್ ಎನ್ಸೆಫಲೈಟಿಸ್. ಭಾರತದಲ್ಲಿ ಈ ರೋಗದ ಮೊದಲ ಪ್ರಕರಣಗಳು 1955ರಲ್ಲಿ ವೆಲ್ಲೂರಿನಲ್ಲಿ ಗುರುತಿಸಲ್ಪಟ್ಟವು. ಕರ್ನಾಟಕದಲ್ಲಿ 1970ರ ದಶಕದ ಕೊನೆಯ ವರ್ಷಗಳಿಂದ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಇದರ ಹಾವಳಿ ದಾಖಲಾಗಿದೆ. ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ಬೆಳೆಯುವ ವೈರಸ್ಸನ್ನು, ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆಗಳು ಮನುಷ್ಯರಿಗೆ ತಲುಪಿಸುತ್ತವೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮುಂತಾದ ತಾಲ್ಲೂಕುಗಳನ್ನೊಳಗೊಂಡ ಕೋಲಾರ ಜಿಲ್ಲೆ ಕೆರೆಗಳಿಗೆ ಹೆಸರಾಗಿದ್ದು, ಕೆರೆಯ ಕೆಳಗಿನ ಭತ್ತದ ಬಯಲುಗಳು ಇಂತಹ ಸೊಳ್ಳೆಗಳಿಗೆ ಅನುಕೂಲವಾದ ನೆಲೆಗಳಾಗಿವೆ.

ಮೆದುಳು ಜ್ವರವು ತೀವ್ರಗೊಂಡವರಲ್ಲಿ ಮರಣದ ಪ್ರಮಾಣ ಶೇಕಡಾ 30ರವರೆಗೆ ಇರಬಹುದು. ರೋಗಿಗಳಲ್ಲಿ ಮಕ್ಕಳೇ ಹೆಚ್ಚು. ಬದುಕುಳಿದವರಲ್ಲಿ ಗಣನೀಯ ಪಾಲು ಮಕ್ಕಳಿಗೆ ಕಲಿಕೆ, ಮಾತು, ಚಲನೆ ಅಥವಾ ನಡವಳಿಕೆಯ ತೊಂದರೆ ಉಳಿಯುತ್ತದೆ. ಎಂಆರ್‌ಐಯಲ್ಲಿ ಮಿದುಳಿನ ಎರಡೂ ಬದಿಯ ಥಲಾಮಸ್‌ಗಳಲ್ಲಿ ಗಾಯ ಕಾಣುವುದು ಈ ರೋಗದ ಪ್ರಮುಖ ಗುರುತು. ಕೆಲವರಲ್ಲಿ ಸಬ್‌ಸ್ಟಾನ್ಷಿಯ ನೈಗ್ರ ಸಹ ಹಾನಿಗೊಂಡು, ಎಕೊನೊಮೊ ಅವರ ರೋಗಿಗಳಲ್ಲಿ ಕಂಡಂತಹ ಪಾರ್ಕಿನ್ಸನ್ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿಯೂ, ಕೆಲವು ರೋಗಿಗಳಿಗೆ ಜ್ವರ ಇಳಿದ ನಂತರ ಎರಡನೆಯ ಹಂತದಲ್ಲಿ ಮಿದುಳಿನ ಲಕ್ಷಣಗಳು ಬರುತ್ತವೆ.

1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ರೂಪುಗೊಂಡ ನಿಮ್ಹಾನ್ಸ್, ಇಂತಹ ರೋಗಗಳ ಚಿಕಿತ್ಸೆ ಮತ್ತು ಸಂಶೋಧನೆಯ ಪ್ರಮುಖ ಕೇಂದ್ರವಾಗಿದೆ. ನರರೋಗ ಮತ್ತು ಮನೋರೋಗ ಎರಡಕ್ಕೂ ಒಂದೇ ಆವರಣದಲ್ಲಿ ಚಿಕಿತ್ಸೆ ಇರುವುದು ಈ ಸಂಸ್ಥೆಯ ವೈಶಿಷ್ಟ್ಯ. 1995ರಲ್ಲಿ ಇಲ್ಲಿ ಸ್ಥಾಪನೆಯಾದ ಮಾನವ ಮಿದುಳು ಭಂಡಾರವು, ದಾನವಾಗಿ ಬಂದ ಮಿದುಳಿನ ಅಂಗಾಂಶಗಳನ್ನು ಅಧ್ಯಯನಕ್ಕಾಗಿ ಸಂರಕ್ಷಿಸುತ್ತದೆ. ಶಿಲ್ಪಕಲೆಗೆ ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂತಹ ಗ್ರಾಮದ ಕುಟುಂಬಕ್ಕೆ ಎಂಆರ್‌ಐ ಸೌಲಭ್ಯವು ಪಟ್ಟಣ ಅಥವಾ ನಗರಕ್ಕೆ ಹೋದರೆ ಮಾತ್ರ ದೊರೆಯುವಂಥದು. ಆದ್ದರಿಂದ ಜ್ವರದ ನಂತರ ಮಗುವಿನ ಓದು, ನಿದ್ರೆ ಅಥವಾ ಸ್ವಭಾವದಲ್ಲಿ ಆದ ಬದಲಾವಣೆಯನ್ನು ಹಟವೆಂದು ತಳ್ಳಿಹಾಕದೆ ಮನೆಯವರು ಮತ್ತು ಶಿಕ್ಷಕರು ಗುರುತಿಸಿ ವೈದ್ಯರಿಗೆ ತಿಳಿಸುವುದು ರೋಗನಿರ್ಣಯದ ಮೊದಲ ಹೆಜ್ಜೆಯಾಗುತ್ತದೆ. ಎಕೊನೊಮೊ ಅವರ ಕೆಲಸವೂ ಇಂತಹ ಅವಲೋಕನದಿಂದಲೇ ಆರಂಭವಾಗಿತ್ತು.

ಸ್ಮರಣೆ

ವಿಯೆನ್ನಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಎಕೊನೊಮೊ ಅವರ ಪ್ರತಿಮೆಯಿದೆ. ಅವರ ಜನ್ಮಶತಮಾನೋತ್ಸವದ ಅಂಗವಾಗಿ 1976ರಲ್ಲಿ ಆಸ್ಟ್ರಿಯ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು. ಅವರು ವಿವರಿಸಿದ ರೋಗದಿಂದ ದಶಕಗಳ ಕಾಲ ಚಲನೆ ಕಳೆದುಕೊಂಡು ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿದ್ದ ರೋಗಿಗಳಿಗೆ ವೈದ್ಯ ಆಲಿವರ್ ಸ್ಯಾಕ್ಸ್ ಅವರು 1969ರಲ್ಲಿ ಎಲ್-ಡೋಪಾ ಔಷಧವನ್ನು ನೀಡಿದರು. ಹಲವರು ಎಚ್ಚೆತ್ತು ನಡೆದಾಡಿದರೂ ಆ ಸುಧಾರಣೆ ಹೆಚ್ಚಿನವರಲ್ಲಿ ಸ್ಥಿರವಾಗಿ ಉಳಿಯಲಿಲ್ಲ. ಈ ಅನುಭವವನ್ನು ಕುರಿತು ಸ್ಯಾಕ್ಸ್ ಅವರು 1973ರಲ್ಲಿ ಪ್ರಕಟಿಸಿದ ಅವೇಕನಿಂಗ್ಸ್ ಪುಸ್ತಕ ಮತ್ತು ಅದನ್ನು ಆಧರಿಸಿದ 1990ರ ಚಲನಚಿತ್ರದಿಂದ ಎನ್ಸೆಫಲೈಟಿಸ್ ಲೆಥಾರ್ಜಿಕ ಜನಸಾಮಾನ್ಯರಿಗೂ ಪರಿಚಯವಾಯಿತು.

ಪ್ರಮುಖ ಕೃತಿಗಳು

• ಎನ್ಸೆಫಲೈಟಿಸ್ ಲೆಥಾರ್ಜಿಕ ಕುರಿತ ಮೊದಲ ಲೇಖನ (1917)
• ವಯಸ್ಕ ಮಾನವನ ಮಿದುಳಿನ ಹೊರಪದರದ ಕೋಶರಚನೆ (1925, ಕೊಸ್ಕಿನಾಸ್ ಅವರೊಡನೆ)
• ಎನ್ಸೆಫಲೈಟಿಸ್ ಲೆಥಾರ್ಜಿಕ, ಅದರ ನಂತರದ ರೋಗಗಳು ಮತ್ತು ಚಿಕಿತ್ಸೆ (1929, ಇಂಗ್ಲಿಷ್ ಅನುವಾದ 1931)